ಚಿತ್ರವಿದ್ದರೆ ತತ್ತ್ವಕ್ಕೆ ಮೈಲಿಗೆಯೆ?



ತತ್ತ್ವಶಾಸ್ತ್ರದ ಗ್ರಂಥವೆಂದರೆ ದಪ್ಪನಾಗಿರಬೇಕು, ಅದರ ಅಕ್ಷರ ಸಣ್ಣದಾಗಿರಬೇಕು, ಮೂರನೆಯ ಪುಟ ಮುಟ್ಟುವಷ್ಟರಲ್ಲಿ ಓದುಗನ ಧೈರ್ಯ ಉಡುಗಿಹೋಗಬೇಕು ಎಂಬ ನಂಬಿಕೆಯೊಂದು ನಮ್ಮ ವಿದ್ವಜ್ಜನರಲ್ಲಿ ಬೇರೂರಿದೆ. ಅದೇ ವಿಚಾರವನ್ನು ಒಬ್ಬನು ಚಿತ್ರ ಬರೆದು, ನಡುನಡುವೆ ನಗಿಸಿ, ಹೊಸದಾಗಿ ಓದುವವನ ಕೈಗೆ ಎಟುಕುವಂತೆ ಮಾಡಿದರೆ, "ಇದು ಮಕ್ಕಳಾಟ" ಎಂದು ಮೂಗು ಮುರಿಯುತ್ತಾರೆ. ಈ ತಿರಸ್ಕಾರ ವಿದ್ಯೆಯಿಂದ ಹುಟ್ಟಿದ್ದೋ, ವಿದ್ಯೆಯ ಅಹಂಕಾರದಿಂದ ಹುಟ್ಟಿದ್ದೋ ಎಂಬುದನ್ನು ನೀವೇ ನಿರ್ಣಯಿಸಬೇಕೆಂದು ಬೇಡಿಕೊಂಡು, ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ.

ಚಿತ್ರದ ಮೂಲಕ ಕಲಿಸುವುದು ನಿನ್ನೆ ಮೊನ್ನೆಯ ಚಪಲವಲ್ಲ. ಮೊರೇವಿಯ ನಾಡಿನ ಶಿಕ್ಷಣತಜ್ಞ ಕೊಮೇನಿಯಸನು 1658ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ 'ಓರ್ಬಿಸ್ ಪಿಕ್ಟಸ್' ಎಂಬ ಸಚಿತ್ರ ಪಠ್ಯವನ್ನು ಪ್ರಕಟಿಸಿದನು. ಮರದಚ್ಚಿನ ಚಿತ್ರ, ಚಿತ್ರದ ಭಾಗಗಳಿಗೆ ಅಂಕಿ, ಆ ಅಂಕಿಗೆ ತಕ್ಕಂತೆ ಲ್ಯಾಟಿನ್ ಮತ್ತು ಜರ್ಮನ್ ಮಾತು. ಇದು ಅದರ ಕ್ರಮ. ಕಣ್ಣಿಗೆ ಕಾಣದ ಆತ್ಮವನ್ನೂ ಆತ ಬಿಡಲಿಲ್ಲ. ಬರಿಯ ಚುಕ್ಕೆಗಳಿಂದ ಕೂಡಿದ ಮನುಷ್ಯಾಕೃತಿಯೊಂದನ್ನು ಬರೆಸಿ, ಇದು ಆತ್ಮವೆಂದು ಮಕ್ಕಳಿಗೆ ತೋರಿಸಿದನು. ಆತ್ಮವನ್ನೇ ಚಿತ್ರಿಸಲು ಹಿಂಜರಿಯದವನಿದ್ದಾಗ, ಮಿಕ್ಕ ವಿಚಾರಗಳಿಗೆ ಚಿತ್ರ ತಗುಲಿದರೆ ಮೈಲಿಗೆಯಾಯಿತೆನ್ನುವುದು ಎಂತಹ ಮಡಿವಂತಿಕೆ!

ನಮ್ಮ ಕಾಲದಲ್ಲಿ ಈ ಮಾರ್ಗವನ್ನು ಮತ್ತೆ ತೆರೆದವನು ಮೆಕ್ಸಿಕೋ ದೇಶದ ವ್ಯಂಗ್ಯಚಿತ್ರಕಾರ ಎದುವಾರ್ದೋ ದೆಲ್ ರೀಯೋ. ರೀಯುಸ್ ಎಂಬ ಹೆಸರಿನಿಂದ ಪ್ರಸಿದ್ಧನಾಗಿದ್ದ ಈತ 2017ರಲ್ಲಿ ತೀರಿಕೊಂಡನು. ಮಾರ್ಕ್ಸನ ವಿಚಾರಗಳನ್ನು ಚಿತ್ರಗಳಲ್ಲಿ ಬಿಡಿಸಿ ಹೇಳುವ ಅವನ ಪುಸ್ತಕ ಸ್ಪ್ಯಾನಿಷ್ ಭಾಷೆಯಲ್ಲಿ 1972ರಲ್ಲಿ ಬಂತು. ಲಂಡನ್ನಿನ ಲೇಖಕರ ಸಹಕಾರಿ ಪ್ರಕಾಶನವೊಂದು 1976ರಲ್ಲಿ ಅದನ್ನು 'ಮಾರ್ಕ್ಸ್ ಫಾರ್ ಬಿಗಿನರ್ಸ್' ಎಂದು ಇಂಗ್ಲಿಷಿಗೆ ತಂದಿತು. ಲೆನಿನ್, ಫ್ರಾಯ್ಡ್, ಐನ್‌ಸ್ಟೀನ್, ಡಾರ್ವಿನ್ ಒಬ್ಬರ ಹಿಂದೊಬ್ಬರು ಇದೇ ಮಾಲೆಗೆ ಬಂದರು. 1990ರ ದಶಕದಿಂದ ಇಂಗ್ಲೆಂಡಿನ 'ಇಂಟ್ರೊಡ್ಯೂಸಿಂಗ್' ಮಾಲೆಯು ಅಸ್ತಿತ್ವವಾದ, ಸ್ತ್ರೀವಾದ, ಆಧುನಿಕೋತ್ತರ ವಿಚಾರಗಳನ್ನೂ ಇದೇ ರೀತಿಯಲ್ಲಿ ಜನರಿಗೆ ಪರಿಚಯಿಸಿತು.

ಇನ್ನು ವಿರೋಧಿಗಳ ಮೊದಲ ಆಕ್ಷೇಪವನ್ನು ನೋಡೋಣ. ಸುಲಭ ಮಾಡಿದರೆ ವಿಚಾರದ ಘನತೆ ಕುಗ್ಗುತ್ತದೆ ಎನ್ನುತ್ತಾರೆ. ವಿಚಾರಕರ್ತರೇ ಹಾಗೆ ಭಾವಿಸಿದ್ದರೆ? 'ಕ್ಯಾಪಿಟಲ್' ಗ್ರಂಥದ ಫ್ರೆಂಚ್ ಅನುವಾದವನ್ನು ಬಿಡಿ ಬಿಡಿ ಕಂತುಗಳಲ್ಲಿ ಅಚ್ಚು ಹಾಕುವ ಸೂಚನೆ ಬಂದಾಗ, ಮಾರ್ಕ್ಸನು 1872ರ ಮಾರ್ಚಿಯಲ್ಲಿ ಪ್ರಕಾಶಕನಿಗೆ ಪತ್ರ ಬರೆದು ಅದನ್ನು ಮೆಚ್ಚಿಕೊಂಡನು. ದುಡಿಯುವ ಜನಕ್ಕೆ ಪುಸ್ತಕ ಹಾಗೆ ಸುಲಭವಾಗಿ ದೊರಕುತ್ತದೆ, ತನಗೆ ಅದೇ ಮುಖ್ಯ ಎಂದನು. ಅದೇ ಪತ್ರದಲ್ಲಿ, ಮೊದಲ ಅಧ್ಯಾಯಗಳು ಕಠಿಣವಾಗಿವೆ, ವಿಜ್ಞಾನಕ್ಕೆ ರಾಜಮಾರ್ಗವಿಲ್ಲ, ಏರು ದಾರಿಗೆ ಬಳಲದವರೇ ಶಿಖರ ಸೇರಬಲ್ಲರು ಎಂದೂ ಎಚ್ಚರಿಸಿದನು. ಬಾಗಿಲನ್ನು ಅಗಲವಾಗಿ ತೆರೆಯಬೇಕು, ಏರುವ ಶ್ರಮವನ್ನು ಮಾತ್ರ ಮುಚ್ಚಿಡಬಾರದು. ನಮ್ಮ ವಿವಾದಕ್ಕೆ ಇದಕ್ಕಿಂತ ಉತ್ತಮ ತೀರ್ಪು ಬೇಕೆ?

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದುದು. ಅದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಚಿತ್ರವು ಸುಳ್ಳನ್ನೂ ಅಷ್ಟೇ ಗಟ್ಟಿಯಾಗಿ ಮನಸ್ಸಿನಲ್ಲಿ ನಾಟಿಸುತ್ತದೆ. ಬಾಗಿದ ವಾನರನೊಬ್ಬ ಹೆಜ್ಜೆ ಹೆಜ್ಜೆಗೂ ನೆಟ್ಟಗಾಗುತ್ತ ಮನುಷ್ಯನಾಗುವ ಸಾಲುಚಿತ್ರವನ್ನು ನೀವೆಲ್ಲರೂ ನೋಡಿದ್ದೀರಿ. ಅದು 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆದಿಮಾನವರ ಕುರಿತ ಪುಸ್ತಕವೊಂದಕ್ಕಾಗಿ ರುಡಾಲ್ಫ್ ಝಾಲಿಂಗರ್ ಬರೆದದ್ದು. ಆ ಸಾಲಿನಲ್ಲಿರುವವರೆಲ್ಲ ನಮ್ಮ ನೇರ ಪೂರ್ವಜರಲ್ಲವೆಂದು ಪುಸ್ತಕದ ಬರಹ ತಿಳಿಸುತ್ತಿತ್ತು. ಆದರೆ ಬರಹ ಮರೆತುಹೋಯಿತು, ಚಿತ್ರ ಉಳಿಯಿತು. ಜೀವವಿಕಾಸವೆಂದರೆ ಒಂದೇ ಗೆರೆಯ ಮೆರವಣಿಗೆ ಎಂಬ ತಪ್ಪು ತಿಳಿವಳಿಕೆ ಲೋಕವನ್ನೆಲ್ಲ ವ್ಯಾಪಿಸಿತು.

ಆದರೆ ಇದಕ್ಕೆ ಮದ್ದು ಯಾವುದು? 1859ರಲ್ಲಿ ಪ್ರಕಟವಾದ ಡಾರ್ವಿನ್ನನ ಮಹಾಗ್ರಂಥವನ್ನು ತೆರೆದು ನೋಡಿ. ಅದರಲ್ಲಿರುವುದು ಒಂದೇ ಒಂದು ಚಿತ್ರ: ಕವಲೊಡೆಯುತ್ತ ಹೋಗುವ ಗೆರೆಗಳ ನಕ್ಷೆ. ಕೆಲವು ಕವಲು ಮೇಲೇರುತ್ತವೆ, ಹಲವು ನಡುವೆಯೇ ನಿಂತುಹೋಗುತ್ತವೆ. ತಪ್ಪು ಚಿತ್ರವು ಕೆಡಿಸಿದ್ದನ್ನು ಸರಿಯಾದ ಚಿತ್ರವು ತಿದ್ದುತ್ತದೆ. ಅಷ್ಟು ದೊಡ್ಡ ಪಂಡಿತನಿಗೇ ಚಿತ್ರವಿಲ್ಲದೆ ತನ್ನ ತತ್ತ್ವವನ್ನು ವಿವರಿಸಲಾಗದಿದ್ದಾಗ, ನಮಗೇಕೆ ಈ ಬಿಗುಮಾನ?

ತಪ್ಪು ಕಲಿಸಲು ಚಿತ್ರವೇ ಬೇಕೆಂದೂ ಇಲ್ಲ. ವಾದ, ಪ್ರತಿವಾದ, ಸಂವಾದ ಎಂಬ ಮೂರು ಪದಗಳನ್ನು ಹೆಗೆಲ್ಲನ ಸಿದ್ಧಾಂತವೆಂದು ಎಷ್ಟು ವಿದ್ಯಾರ್ಥಿಗಳು ಉರು ಹೊಡೆದಿಲ್ಲ! ಹೆಗೆಲ್ಲನು ತನ್ನ ವಿಧಾನಕ್ಕೆ ಆ ಹೆಸರನ್ನು ಇಟ್ಟವನೇ ಅಲ್ಲ. ಅವನು ತೀರಿಕೊಂಡ ಮೇಲೆ, 1837ರಲ್ಲಿ, ಚಾಲಿಬೇಯಸ್ ಎಂಬ ಪ್ರಾಧ್ಯಾಪಕನ ಗ್ರಂಥದಿಂದ ಈ ಸೂತ್ರ ಪ್ರಚಾರಕ್ಕೆ ಬಂತು. ಒಂದು ಗೆರೆಯ ಚಿತ್ರವೂ ಇಲ್ಲದ ಗಂಭೀರ ಪಠ್ಯಗಳು ಅದನ್ನು ಹೊತ್ತು ತಿರುಗಿದವು. ಪರೀಕ್ಷೆಗೆ ಮುಂಚೆ ನಮ್ಮ ಪೇಟೆಗಳಲ್ಲಿ ಮಾರಾಟವಾಗುವ ಗೈಡುಗಳನ್ನು ನೆನೆಯಿರಿ. ಅವುಗಳಲ್ಲಿ ಚಿತ್ರವಿಲ್ಲ, ನಗೆಯಿಲ್ಲ, ಪ್ರಶ್ನೆಗೆ ಸಿದ್ಧವಾದ ಉತ್ತರ ಮಾತ್ರ ಇದೆ. ಸಚಿತ್ರ ಪ್ರವೇಶಿಕೆಯನ್ನು ಹಗುರವೆಂದು ಜರೆಯುವ ಅದೇ ಅಧ್ಯಾಪಕರು ಈ ಗೈಡುಗಳ ವಿಷಯದಲ್ಲಿ ಬಾಯಿ ತೆರೆಯುವುದಿಲ್ಲ. ಓದುವ ಹಸಿವನ್ನು ಹುಟ್ಟಿಸುವ ಪುಸ್ತಕಕ್ಕೆ ಬಯ್ಗುಳ, ಹಸಿವನ್ನು ಕೊಲ್ಲುವ ಪುಸ್ತಕಕ್ಕೆ ಮೌನ! ಇದು ಯಾವ ನ್ಯಾಯ?

ಬಂಧುಗಳೇ, ನಿಮ್ಮಲ್ಲಿ ಹಲವರು ಪುಸ್ತಕದ ಕಪಾಟಿಲ್ಲದ ಮನೆಗಳಿಂದ ಬಂದು, ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು. ದಪ್ಪ ಗ್ರಂಥವೊಂದನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಎದೆ ಹೇಗೆ ನಡುಗುತ್ತದೆಂಬುದು ನಿಮಗೆ ಗೊತ್ತು. "ಇದು ನಿನ್ನಂಥವನಿಗೆ ತಿಳಿಯುವುದಲ್ಲ" ಎಂಬ ಮಾತನ್ನು ಕೇಳಿಸಿಕೊಂಡವರೂ ಇರಬಹುದು. ಆ ಮಾತನ್ನು ನೀವು ಇನ್ನೊಬ್ಬರಿಗೆ ಆಡಬೇಡಿ. ನಿಮ್ಮ ಮಗನೋ ಮಗಳೋ ಸಚಿತ್ರ ಪುಸ್ತಕವೊಂದನ್ನು ಹಿಡಿದು ನಗುತ್ತ ಓದುತ್ತಿದ್ದರೆ ಕಸಿದುಕೊಳ್ಳಬೇಡಿ. ಓದಿ ಮುಗಿಸಿದ ದಿನ ಮಾತ್ರ ಹತ್ತಿರ ಕೂರಿಸಿಕೊಂಡು, "ಇವನು ಸ್ವತಃ ಬರೆದ ಪುಸ್ತಕ ಯಾವುದು? ಅದನ್ನು ಯಾವಾಗ ಓದುತ್ತೀ?" ಎಂದು ಕೇಳಿರಿ. ಅಲ್ಪವಿದ್ಯೆ ಮಹಾಗರ್ವಿಯಾಗುವುದು ಆ ಪ್ರಶ್ನೆಯನ್ನು ಕೇಳುವವರಿಲ್ಲದಾಗ. ಅಗಸಿ ಬಾಗಿಲಲ್ಲಿ ನಿಂತು ಊರನ್ನೆಲ್ಲ ನೋಡಿದೆನೆನ್ನುವವನು ಮೂಢ, ನಿಜ. ಆದರೆ ಅವನು ಮೂಢನೆಂದು ಅಗಸಿಯನ್ನೇ ಕೆಡವಲು ಹೊರಟವನನ್ನು ಏನೆಂದು ಕರೆಯೋಣ?