ಸುವಾರ್ತೆ ಸಂಬಳದವರ ಕೆಲಸವೇ?



ಸುವಾರ್ತೆ ಸಾರುವುದು ಯಾರ ಕೆಲಸ? ಭಾನುವಾರ ಆರಾಧನೆಯಲ್ಲಿ ಈ ಪ್ರಶ್ನೆ ಕೇಳಿದರೆ ಎಲ್ಲರೂ ಒಂದೇ ಬಾಯಿಂದ "ನಮ್ಮೆಲ್ಲರದು" ಎನ್ನುತ್ತಾರೆ. ಸೋಮವಾರ ಬೆಳಿಗ್ಗೆ ಮಸ್ಟರಿನಲ್ಲಿ ನಿಂತವರನ್ನು ಕೇಳಿ ನೋಡಿ. ಅಯ್ಯನವರದು, ಉಪದೇಶಿಯದು, ವರುಷಕ್ಕೊಮ್ಮೆ ಕನ್ವೆನ್ಷನ್ನಿಗೆ ಕಾರಿನಲ್ಲಿ ಬಂದಿಳಿಯುವ ದೊಡ್ಡ ಬೋಧಕರದು ಎಂಬ ಉತ್ತರ ಬರುತ್ತದೆ. ನಾವು ಕಾಣಿಕೆ ಹಾಕಿದ್ದೇವೆ, ಮೈಕಿನ ಬಾಡಿಗೆಗೆ ಚಂದಾ ಕೊಟ್ಟಿದ್ದೇವೆ, ಅಲ್ಲಿಗೆ ನಮ್ಮ ಪಾಲು ತೀರಿತು ಎಂಬ ಭಾವನೆ. ಹಿಂದಿನ ಕಾಲದ ದೊರೆಗಳು ಇದನ್ನೇ ಮಾಡುತ್ತಿದ್ದರು. ಕಂಗಾಣಿಗೆ ಕಮಿಷನ್ ಕೊಟ್ಟರೆ ಆಳು ತಾನಾಗಿ ಬರುತ್ತದೆ. ದೊರೆ ಬಂಗಲೆಯ ಜಗಲಿಯಲ್ಲಿ ಕೂತಿದ್ದರೆ ಸಾಕು. ಕರ್ತನ ಸಭೆಯೂ ಆತ್ಮಗಳನ್ನು ಕಂಗಾಣಿಯ ಮೂಲಕ ತರಿಸಿಕೊಳ್ಳಬೇಕೇ?

ಉಪದೇಶಿಯ ಕೆಲಸ ಮಾಡುವ ನಾವೇ ಹೀಗೆ ಬರೆದರೆ ನಮ್ಮ ಹೊಟ್ಟೆಯ ಮೇಲೆ ನಾವೇ ಹೊಡೆದುಕೊಂಡಂತೆ ಎಂದು ಕೆಲವರು ನಗಬಹುದು. ನಗಲಿ.

ನಮ್ಮ ಕಿಣತ್ತುಕಡವಿನಿಂದ ಪೊಳ್ಳಾಚಿ, ಆಳಿಯಾರು ದಾಟಿ ನಲವತ್ತು ಹೇರ್‌ಪಿನ್ ತಿರುವು ಹತ್ತಿದರೆ ವಾಲ್ಪಾರೈ ಸಿಗುತ್ತದೆ. ಆ ಬೆಟ್ಟದ ತೋಟಗಳಲ್ಲಿ ವೈದ್ಯರಾಗಿದ್ದ ಪಿ.ಎಚ್. ಡೇನಿಯಲ್ ಅವರು 1969ರಲ್ಲಿ ಇಂಗ್ಲಿಷಿನಲ್ಲಿ 'ರೆಡ್ ಟೀ' ಎಂಬ ಕಾದಂಬರಿ ಪ್ರಕಟಿಸಿದರು. ತಮಿಳಿನಲ್ಲಿ ಅದು 'ಎರಿಯುಂ ಪನಿಕ್ಕಾಡು' ಎಂದು ಬಂದಿದೆ. 1920ರ ದಶಕದ ಕಥೆ. ತಿರುನೆಲ್ವೇಲಿ ಕಡೆಯ ಕರುಪ್ಪನ್, ವಳ್ಳಿ ಎಂಬ ಗಂಡ ಹೆಂಡಿರು ಕಂಗಾಣಿಯ ಮುಂಗಡಕ್ಕೆ ಸಿಕ್ಕಿ ಬೆಟ್ಟ ಹತ್ತುತ್ತಾರೆ. ಮುಂಗಡ ತೀರುವುದಿಲ್ಲ, ಜ್ವರ ಬಿಡುವುದಿಲ್ಲ, ಊರಿಗೆ ಹಿಂದಿರುಗುವ ದಿವಸ ಬರುವುದಿಲ್ಲ. ಇದು ಬರೀ ಕಥೆಯಲ್ಲ ಎಂಬುದು ನಮ್ಮ ಅಜ್ಜ ಅಜ್ಜಿಯರಿಗೆ ಗೊತ್ತಿತ್ತು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಜೈಲಿಗೆ ಹಾಕಬಹುದೆಂಬ 1859ರ ಕಾಯಿದೆಯನ್ನು 1925ರಲ್ಲಷ್ಟೇ ರದ್ದು ಮಾಡಿದರು.

ಆ ಕಾದಂಬರಿಯಲ್ಲಿ ಅಬ್ರಹಾಂ ಎಂಬ ವೈದ್ಯನಿದ್ದಾನೆ. ಕೂಲಿಗಳನ್ನು ಮನುಷ್ಯರೆಂದು ಕಂಡು ಚಿಕಿತ್ಸೆ ಮಾಡುವವನು, ದೊರೆಗಳಿಗೆ ಹೆದರದವನು. 2013ರಲ್ಲಿ ಇದೇ ಕಥೆಯನ್ನು ಆಧರಿಸಿ ನಿರ್ದೇಶಕ ಬಾಲಾ ಅವರು 'ಪರದೇಸಿ' ಎಂಬ ತಮಿಳು ಸಿನೆಮಾ ಮಾಡಿದರು. ಅದರಲ್ಲಿ ಕ್ರೈಸ್ತ ವೈದ್ಯನು ಕಾಯಿಲೆ ಬಿದ್ದ ಕೂಲಿಗಳ ನಡುವೆ ಹಾಡು ಕುಣಿತ ಮಾಡುತ್ತಾ ಮತಕ್ಕೆ ಸೇರಿಸಿಕೊಳ್ಳುವವನಾಗಿ ಕಾಣಿಸುತ್ತಾನೆ. ಪುಸ್ತಕದ ವೈದ್ಯನಿಗೂ ಪರದೆಯ ವೈದ್ಯನಿಗೂ ಅಜಗಜಾಂತರ. ನಮ್ಮವರಲ್ಲಿ ಅನೇಕರಿಗೆ ಸಿಟ್ಟು ಬಂತು. ಸಿಟ್ಟು ನ್ಯಾಯವೇ. ಮೂಲ ಕಥೆಯಲ್ಲಿಲ್ಲದ್ದನ್ನು ತಂದು ಸೇರಿಸಿದ್ದು ಅನ್ಯಾಯವೇ. ಆದರೆ ಸಿಟ್ಟು ಮಾಡಿಕೊಂಡು ಸುಮ್ಮನಾದರೆ ಏನು ಬಂತು? ಎದುರಿನ ಮನೆಯವರು ನಮ್ಮನ್ನು ನೋಡಿ ಈ ಇಬ್ಬರು ವೈದ್ಯರಲ್ಲಿ ಯಾರನ್ನು ನೆನೆಸಿಕೊಳ್ಳುತ್ತಾರೆ ಎಂಬುದಲ್ಲವೇ ನಾವು ಕೇಳಬೇಕಾದ ಪ್ರಶ್ನೆ?

"ಹೇಳುವುದು ಶಾಸ್ತ್ರ, ಹಾಕುವುದು ಗಾಳ" ಎಂದು ಗಾದೆಯುಂಟು. ನಮ್ಮ ಮೇಲಿನ ಆರೋಪ ಇದೇ ಗಾದೆ. ಅಕ್ಕಿ, ಹಾಲಿನ ಪುಡಿ, ಶಾಲೆಯ ಸೀಟು ತೋರಿಸಿ ಬಡವರನ್ನು ಸೆಳೆಯುತ್ತಾರೆ ಎಂದು 2002ರಲ್ಲಿ ತಮಿಳುನಾಡಿನಲ್ಲಿ ಕಾನೂನು ತಂದರು, 2004ರಲ್ಲಿ ಹಿಂದೆಗೆದುಕೊಂಡರು. 2022ರಲ್ಲಿ ಕರ್ನಾಟಕದಲ್ಲೂ ಕಾನೂನು ಬಂತು. ಆಮಿಷದ ಮಾತಾಡುವವರು ಒಂದು ಲೆಕ್ಕವನ್ನು ಹೇಳುವುದಿಲ್ಲ. 1950ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ, ಪರಿಶಿಷ್ಟ ಜಾತಿಯ ಕೂಲಿಗಾರನು ಕ್ರೈಸ್ತನಾದರೆ ಪರಿಶಿಷ್ಟ ಜಾತಿಯ ಹಕ್ಕು ಹೋಗುತ್ತದೆ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಆ ಬಾಗಿಲು ತೆರೆಯಿತು; ನಮಗೆ ತೆರೆದಿಲ್ಲ. ಮಗನ ಸ್ಕಾಲರ್‌ಷಿಪ್ಪು, ಮಗಳ ಕೆಲಸದ ಮೀಸಲು ಬಿಟ್ಟುಕೊಟ್ಟು ದೀಕ್ಷಾಸ್ನಾನಕ್ಕೆ ಬಗ್ಗುವವನಿಗೆ ಯಾವ ಅಕ್ಕಿಯ ಆಮಿಷ, ಸ್ವಾಮಿ?

ಹೀಗೆಂದ ಮಾತ್ರಕ್ಕೆ ಗಾಳ ಹಾಕುವವರು ನಮ್ಮಲ್ಲಿ ಇಲ್ಲವೆಂದಲ್ಲ. ಕಂಬಳಿ ಹಂಚುವಾಗ ಫೋಟೋ, ಫೋಟೋದ ಕೆಳಗೆ ತಲೆಗಳ ಲೆಕ್ಕ, ಆ ಲೆಕ್ಕ ಎಲ್ಲಿಗೋ ರವಾನೆ: ಇದನ್ನು ನಾವು ಸುವಾರ್ತೆ ಎಂದು ಕರೆಯುವುದಿಲ್ಲ. ಹಸಿದವನಿಗೆ ಅನ್ನ ಕೊಡಿ, ಹಸಿದಿದ್ದಾನೆಂಬ ಕಾರಣಕ್ಕೆ ಕೊಡಿ. ಕ್ರಿಸ್ತನ ಹೆಸರನ್ನು ಅವನ ಹೊಟ್ಟೆ ತುಂಬಿದ ಮೇಲೆ, ಅವನು ಎದ್ದು ಹೋಗಲು ಸ್ವತಂತ್ರನಾಗಿರುವಾಗ ಹೇಳಿ. ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮವನ್ನು ಸಾರುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಆದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆ ತೀರ್ಪಿನ ಬಗ್ಗೆ ವಕೀಲರು ವಾದಿಸಲಿ. ನಮ್ಮ ಮಟ್ಟಿಗೆ, ಮನುಷ್ಯನನ್ನು ತಿರುಗಿಸುವವರು ನಾವಲ್ಲ ಎಂಬುದು ಮೊದಲೇ ಗೊತ್ತು. ಕಂಡದ್ದನ್ನು ಹೇಳುವುದಷ್ಟೇ ನಮ್ಮ ಪಾಲು.

ಇನ್ನು ಸಂಘದ ಗೆಳೆಯರ ಮಾತು. ಅವರು ಹೇಳುವುದೇನೆಂದರೆ, ಒಳ್ಳೆಯದು ಮಾಡಿ, ಬೋನಸ್ಸಿಗೆ ಹೋರಾಡಿ, ಯೇಸುವಿನ ಹೆಸರು ಮಾತ್ರ ಎತ್ತಬೇಡಿ, ಒಗ್ಗಟ್ಟು ಒಡೆಯುತ್ತದೆ. ಒಳ್ಳೆಯ ಮನಸ್ಸಿನಿಂದ ಹೇಳುತ್ತಾರೆ. ಆದರೂ ಒಪ್ಪಲು ಆಗುವುದಿಲ್ಲ. ಕೂಲಿಯನ್ನು ಹಿಡಿದಿಟ್ಟುಕೊಂಡ ಜಮೀನುದಾರನ ವಿರುದ್ಧ ಆ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಬರೆದಿದ್ದಾನೆ. ಇಟ್ಟಿಗೆ ಸುಡುವ ಗುಲಾಮರ ಗೋಳನ್ನು ದೇವರು ಕೇಳಿಸಿಕೊಂಡನೆಂಬುದೇ ವಿಮೋಚನಕಾಂಡದ ಆರಂಭ. ಇದನ್ನು ಎಲೆ ಕೀಳುವವಳಿಗೆ ಎಲೆ ಕೀಳುವವಳೇ ಹೇಳದೆ ಇನ್ಯಾರು ಹೇಳಬೇಕು? ಹೋರಾಟದಲ್ಲಿ ಕೈ ಜೋಡಿಸಿದವನು ಮಾತನಾಡಿದರೆ ಒಗ್ಗಟ್ಟು ಒಡೆಯುವುದಿಲ್ಲ. ಹೋರಾಟದ ದಿನ ಮನೆಯಲ್ಲಿ ಕೂತು ಮರುದಿನ ಕರಪತ್ರ ಹಂಚುವವನು ಬಾಯಿ ತೆರೆದರೆ ಒಡೆಯುತ್ತದೆ.

ಆ ಜಾತಿಯವರೂ ನಮ್ಮಲ್ಲಿ ಹೆಚ್ಚುತ್ತಿದ್ದಾರೆ. "ರಕ್ಷಣೆ ಹೊಂದಿದ ಮೇಲೆ ಲೋಕದ ಕೆಲಸ ಏಕೆ" ಎಂದು ಸಂಘದ ಚೀಟಿ ಹಿಂದಿರುಗಿಸುತ್ತಾರೆ. ಸಂಬಳ ಏರಿದಾಗ ಮಾತ್ರ ಆ ಲೋಕದ ಕೆಲಸದ ಫಲವನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಾರೆ! ಇವರ ಸಾಕ್ಷಿಯನ್ನು ಲೈನಿನಲ್ಲಿ ಯಾರು ನಂಬುತ್ತಾರೆ? ಕ್ರಿಯೆಯಿಲ್ಲದ ನಂಬಿಕೆಗೆ ಯಾಕೋಬನು ಇಟ್ಟ ಹೆಸರನ್ನು ಮನೆಗೆ ಹೋಗಿ ಓದಿಕೊಳ್ಳಲಿ.

ಬಡವರು ಸುವಾರ್ತೆಗೆ ಏನು ಮಾಡಿಯಾರು ಎನ್ನುವವರಿಗೆ ಒಂದು ಸಂಗತಿ. ಕರುಪ್ಪನ್ ವಳ್ಳಿಯರಂಥವರನ್ನು ಬೆಟ್ಟಕ್ಕೆ ಕಳುಹಿಸಿದ ಅದೇ ತಿರುನೆಲ್ವೇಲಿಯಲ್ಲಿ 1903ರಲ್ಲಿ ಇಂಡಿಯನ್ ಮಿಷನರಿ ಸೊಸೈಟಿ ಹುಟ್ಟಿತು. ವಿದೇಶದ ಹಣ ಬೇಡ, ನಮ್ಮ ಜನ, ನಮ್ಮ ಕಾಸು ಎಂಬುದು ಅದರ ನಿಶ್ಚಯ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ವಿ.ಎಸ್. ಅಜರಯ್ಯನವರು ಬೇರೆ ಭಾಷೆಯ ತೆಲುಗು ಸೀಮೆಗೆ ಹೋಗಿ ದೋರ್ನಕಲ್ಲಿನಲ್ಲಿ ಹಳ್ಳಿಯ ಕೂಲಿಗಳ ನಡುವೆ ದುಡಿದರು, 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರಾದರು. ಮಿಜೋರಾಮಿನಲ್ಲಿ ಹೆಂಗಸರು 1910ರಿಂದ ಪ್ರತಿ ಅಡಿಗೆಯ ಮುಂಚೆ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಸಭೆಯ ಕೆಲಸಕ್ಕೆ ಕೊಡುತ್ತಾ ಬಂದರು. ಶ್ರೀಮಂತರ ಚೆಕ್ಕಿಗೆ ಕಾಯಲಿಲ್ಲ.

ತಾಳ್ಮೆಯ ಪಾಠವೂ ನಮ್ಮ ಪಕ್ಕದ ಬೆಟ್ಟದಲ್ಲೇ ಇದೆ. ನೀಲಗಿರಿಯ ಕೇತಿಯಲ್ಲಿ ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿ ಬಡಗರಿಗಾಗಿ ಕನ್ನಡ ಕಲಿತು, ಮಕ್ಕಳಿಗೆ ಶಾಲೆ ನಡೆಸಿ, ಕಡೆಗೆ ತನ್ನ ಆಸ್ತಿಯನ್ನು ಬಾಸೆಲ್ ಮಿಷನ್ನಿಗೆ ಬಿಟ್ಟುಹೋದನು. ಮಿಷನ್ನಿನವರು ಅಲ್ಲಿ 1846ರಲ್ಲಿ ಕೆಲಸ ಹಿಡಿದರು. ಮೊದಲನೆಯ ಬಡಗನು ದೀಕ್ಷಾಸ್ನಾನ ಹೊಂದಿದ್ದು 1858ರಲ್ಲಿ. ಹನ್ನೆರಡು ವರುಷ! ಹಟ್ಟಿಯಿಂದ ಹಟ್ಟಿಗೆ ನಡೆದು, ನಗೆಪಾಟಲಿಗೆ ಈಡಾಗಿ, ಮತ್ತೆ ಮರುದಿನ ನಡೆದವರು ಅವರು. ನಮ್ಮ ಸಭೆಗಳಲ್ಲಿ ಮೂರು ದಿನದ ಕನ್ವೆನ್ಷನ್ನಿಗೆ ಫಲ ಕಾಣದಿದ್ದರೆ ನಾಲ್ಕನೆಯ ದಿನ ಕಮಿಟಿಯಲ್ಲಿ ಜಗಳ.

ಜಗಳಗಳ ಮಾತು ಬಂದುದರಿಂದ ಜಾತಿಯ ಮಾತನ್ನೂ ಹೇಳಿಬಿಡುತ್ತೇವೆ. ಕೊಯಮತ್ತೂರು ಪ್ರಾಂತ್ಯದ ಕಥೋಲಿಕ ಸಭೆಗೆ ಬಿಷಪರಾಗಿದ್ದ ಮಾರಿಯೋ ಬ್ರೆಸಿಲ್ಲಾಕ್ ಅವರು 1846ರಲ್ಲಿ ಕರುಮತ್ತಂಪಟ್ಟಿಯಲ್ಲಿ ಅಭಿಷೇಕ ಹೊಂದಿದವರು. ಜಾತಿ ಆಚಾರಗಳಿಗೆ ಸಭೆಯೊಳಗೆ ಎಷ್ಟು ಜಾಗ ಕೊಡಬೇಕೆಂಬ ವಿವಾದ ಅವರ ಮನಸ್ಸಾಕ್ಷಿಯನ್ನು ಕೊರೆದು, 1855ರಲ್ಲಿ ಪದವಿಯನ್ನೇ ಬಿಟ್ಟು ಹೊರಟರು. ಮುಂದೆ ಆಫ್ರಿಕಾಕ್ಕೆ ಹೋಗಿ 1859ರಲ್ಲಿ ಜ್ವರದಲ್ಲಿ ಸತ್ತರು. ಒಬ್ಬ ಬಿಷಪರು ಪದವಿ ಬಿಟ್ಟ ಪ್ರಶ್ನೆಗೆ ಈ ಹೊತ್ತೂ ನಮ್ಮಲ್ಲಿ ಉತ್ತರವಿಲ್ಲ. ಹೆಣ್ಣು ಕೊಡುವಾಗ, ಹೆಣ ಹೂಳುವಾಗ ಜಾತಿ ಕೇಳುವ ಸಭೆಯು ಲೈನಿನವರಿಗೆ ಯಾವ ಸಮಾಚಾರ ಹೇಳುತ್ತದೆ? ಅದು ಅವರಿಗೆ ಮೊದಲೇ ಗೊತ್ತಿರುವ ಸಮಾಚಾರ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಬೆಟ್ಟದ ಲೈನುಗಳನ್ನು ನೋಡಿ. ನಮ್ಮವರ ಮಕ್ಕಳು ತಿರುಪ್ಪೂರಿನ ಬನಿಯನ್ ಕಂಪೆನಿಗೂ ಕೊಯಮತ್ತೂರಿನ ಕಾರ್ಖಾನೆಗೂ ಇಳಿದಿದ್ದಾರೆ. ಖಾಲಿಯಾದ ಮನೆಗಳಿಗೆ ಜಾರ್ಖಂಡ್, ಅಸ್ಸಾಂ, ಒಡಿಶಾ, ಬಿಹಾರದ ಕುಟುಂಬಗಳು ಬಂದಿವೆ. ಕೆಳಗೆ ಪೊಳ್ಳಾಚಿ, ಕಿಣತ್ತುಕಡವಿನ ತೆಂಗಿನ ನಾರಿನ ಕಾರ್ಖಾನೆಗಳಲ್ಲೂ ಅವರೇ. ನೂರು ವರುಷದ ಹಿಂದೆ ನಮ್ಮ ಹಿರಿಯರು ಮೈಸೂರು ಸೀಮೆಯಿಂದ, ಕೊಳ್ಳೇಗಾಲದಿಂದ ಬಂದ ಹಾಗೆ ಬಂದಿದ್ದಾರೆ. (ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಯೇ ಆಗಿತ್ತೆಂಬುದು ಹುಡುಗರಿಗೆ ಗೊತ್ತಿಲ್ಲ.) ಭಾಷೆ ಬಾರದ ಕನ್ನಡದ ಕೂಲಿಯನ್ನು ಅಂದು ಹೀನಾಯ ಮಾಡಿದವರ ಕಥೆಯನ್ನು ಹೇಳಿಕೊಂಡು ಕಣ್ಣೀರು ಹಾಕುವ ನಮ್ಮ ಮನೆಗಳಲ್ಲೇ ಇವರಿಗೆ "ಹಿಂದಿಯವನು" ಎಂಬುದರ ಹೊರತು ಬೇರೆ ಹೆಸರಿಲ್ಲ. ಕೂಲಿ ಇಳಿಸಲು ಬಂದವರು ಎಂಬ ಬೈಗುಳ ಬೇರೆ. ಕೂಲಿ ಇಳಿಸುವವರು ಯಾರೆಂಬುದು ಸಂಘದಲ್ಲಿ ಒಂದು ವರುಷ ಕೂತವನಿಗೂ ಗೊತ್ತಿರಬೇಕು.

2025ರ ಜೂನಿನಲ್ಲಿ ವಾಲ್ಪಾರೈಯ ಪಚ್ಚಮಲೈ ಎಸ್ಟೇಟಿನಲ್ಲಿ, ಸಂಜೆ ಮನೆಯ ಬಳಿಯಿದ್ದ ನಾಲ್ಕು ವರುಷದ ಹೆಣ್ಣು ಮಗುವನ್ನು ಚಿರತೆ ಹೊತ್ತೊಯ್ದಿತು. ಜಾರ್ಖಂಡಿನಿಂದ ಕೆಲಸಕ್ಕೆ ಬಂದವರ ಮಗು. ಅಂತಹ ತಾಯಿಯೊಬ್ಬಳು ನಿಮ್ಮ ಲೈನಿನ ಕೊನೆಯ ಮನೆಯಲ್ಲಿ ಇದ್ದಾಳೆ. ಅವಳ ಹೆಸರು ನಿಮಗೆ ಗೊತ್ತೇ? ಅವಳು ಎಲೆ ಕೀಳಲು ಹೋದಾಗ ಮಗುವನ್ನು ಯಾರು ನೋಡುತ್ತಾರೆ? ಮಸ್ಟರಿನಲ್ಲಿ ಅವಳ ಹೆಸರು ಸರಿಯಾಗಿ ಏರಿದೆಯೇ, ಇಲ್ಲವೆ ಏಜೆಂಟನ ಹೆಸರಿನಲ್ಲಿ ಹೋಗುತ್ತಿದೆಯೇ? ಇದನ್ನು ಕೇಳದವನು ಅವಳಿಗೆ ಕೈಪತ್ರ ಕೊಡದಿರುವುದೇ ಲೇಸು.

ಇನ್ನೊಂದು ಮಾತು ಕೇಳಿ ನೀವು ಬೆರಗಾಗಬಹುದು. ಅವಳ ಮನೆಗೆ ಕ್ರಿಸ್ತನನ್ನು ನಾವೇ ಕೊಂಡೊಯ್ಯಬೇಕೆಂದಿಲ್ಲ. ರಾಂಚಿಗೆ ಗೋಸ್ನರ್ ಮಿಷನ್ನಿನವರು ಬಂದದ್ದು 1845ರಲ್ಲಿ. ಮೊದಲ ನಾಲ್ವರು ಉರಾಂವ್ ಜನ ದೀಕ್ಷಾಸ್ನಾನ ಹೊಂದಿದ್ದು 1850ರಲ್ಲಿ. 1885ರಲ್ಲಿ ಬಂದ ಕಾನ್‌ಸ್ಟಾಂಟ್ ಲೀವೆನ್ಸ್ ಎಂಬ ಬೆಲ್ಜಿಯಂ ಪಾದ್ರಿ, ಜಮೀನುದಾರರು ಕಿತ್ತುಕೊಂಡ ಹೊಲಗಳಿಗಾಗಿ ಮುಂಡ, ಉರಾಂವ್ ರೈತರ ಪರವಾಗಿ ಕೋರ್ಟು ಕಚೇರಿ ಅಲೆದರು. ಕಾನೂನಿನ ಪುಸ್ತಕ ಒಂದು ಕೈಯಲ್ಲಿ, ಜಪಮಾಲೆ ಇನ್ನೊಂದರಲ್ಲಿ ಎನ್ನಬಹುದು. ಸಾವಿರಾರು ಜನ ಸಭೆಗೆ ಸೇರಿದರು. ಕ್ಷಯ ಹಿಡಿದು 1893ರಲ್ಲಿ ತೀರಿಕೊಂಡರು. ಆ ಸೀಮೆಯಿಂದ ಬಂದ ಮನೆಗಳಲ್ಲಿ ನಾಲ್ಕೈದು ತಲೆಮಾರಿನ ವಿಶ್ವಾಸಿಗಳು ಇದ್ದಾರು. ನಮ್ಮ ಪಕ್ಕದಲ್ಲೇ ಇದ್ದು, ಭಾನುವಾರ ನಮ್ಮ ಗಂಟೆ ಕೇಳಿಸಿಕೊಂಡು, ಕರೆಯುವವರಿಲ್ಲದೆ ಮನೆಯಲ್ಲೇ ಕೂರುತ್ತಾರು. ಕೊಡಲು ಹೋದವರು ಪಡೆದುಕೊಂಡು ಬರುವ ಸಂಭವವೂ ಉಂಟು.

ನಮ್ಮ ಊರಿನ ಹೆಸರಿನಲ್ಲೇ ಬಾವಿ ಇದೆ. ತಮಿಳಿನ ಕಿಣರು ಎಂದರೆ ಬಾವಿಯೇ. ಬಾವಿಯ ಬಳಿ ಕರ್ತನನ್ನು ಕಂಡ ಸಮಾರ್ಯದ ಹೆಂಗಸಿಗೆ ಯಾವ ಬೈಬಲ್ ಶಾಲೆಯ ಸರ್ಟಿಫಿಕೇಟೂ ಇರಲಿಲ್ಲ, ಊರಲ್ಲಿ ಒಳ್ಳೆಯ ಹೆಸರೂ ಇರಲಿಲ್ಲ. ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಹೋಗಿ ಹೇಳಿದಳು. ಊರು ಎದ್ದು ಬಂತು. ಶಿಷ್ಯರು ಆಗ ಏನು ಮಾಡುತ್ತಿದ್ದರೆಂದರೆ, ಊಟ ಮಾಡೆಂದು ಕರ್ತನನ್ನು ಒತ್ತಾಯಿಸುತ್ತಿದ್ದರು!

ಆದಕಾರಣ ನಮ್ಮ ವಿನಂತಿ ಇಷ್ಟು. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಪ್ರತಿ ಲೈನಿನಿಂದ ಇಬ್ಬಿಬ್ಬರು ಹೊರಡಿ. ಒಬ್ಬರು ಹೆಂಗಸಾಗಿರಲಿ. ಹಿಂದಿ ನಾಲ್ಕು ಮಾತು ಬಲ್ಲ ಹುಡುಗರಿದ್ದರೆ ಜೊತೆಗೆ ಕರೆದುಕೊಳ್ಳಿ. ಮೈಕು, ಬ್ಯಾನರು ಬೇಡ. ಮೊದಲನೆಯ ಸಲ ಹೆಸರು, ಊರು, ಮಕ್ಕಳೆಷ್ಟು ಎಂದು ಕೇಳಿ ಬನ್ನಿ. ಎರಡನೆಯ ಸಲ ಸಂಬಳದ ಚೀಟಿ, ಪಿ.ಎಫ್. ನಂಬರು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಸಂಘದ ಪುಸ್ತಕದಲ್ಲಿ ಬರೆಸಿ. ನೀವು ಯಾರು, ಏಕೆ ಬಂದಿರಿ ಎಂದು ಅವರು ಕೇಳಿದ ದಿವಸ ಮುಚ್ಚುಮರೆಯಿಲ್ಲದೆ ಯೇಸುವಿನ ಹೆಸರು ಹೇಳಿ, ನಿಮಗೆ ಆತನು ಏನು ಮಾಡಿದನೆಂಬುದನ್ನು ಹೇಳಿ. ಪ್ರಾರ್ಥನೆಗೆ ಒಪ್ಪಿದರೆ ಪ್ರಾರ್ಥಿಸಿ, ಬೇಡವೆಂದರೆ ಚಹಾ ಕುಡಿದು ಎದ್ದು ಬನ್ನಿ, ಮತ್ತೆ ಹೋಗಿ. ಆರು ಗಂಟೆಯೊಳಗೆ ಹಿಂದಿರುಗುವಂತೆ ಹೊರಡಿ, ಟಾರ್ಚು ಕೈಯಲ್ಲಿರಲಿ, ಮಕ್ಕಳನ್ನು ತೋಟದ ಅಂಚಿನಲ್ಲಿ ಬಿಡಬೇಡಿ.