ಮೀಸೆಮೀನು ಸಾಕುವ ಮೊದಲು ಮಾಡತಕ್ಕ ಸಿದ್ಧತೆ

ಗದ್ದೆಯನ್ನು ಉತ್ತು ಹದಗೊಳಿಸದೆ ನೇಜಿಯನ್ನು ನೆಡುವ ಒಕ್ಕಲಿಗನು ಯಾವ ಊರಿನಲ್ಲಿಯೂ ಕಾಣಸಿಗನು. ಆದರೆ ಗಾಜಿನ ತೊಟ್ಟಿಯಲ್ಲಿ ಮೀನು ಸಾಕಲು ಹೊರಡುವ ಗೃಹಸ್ಥರಲ್ಲಿ ಅನೇಕರು ಬೆಳಿಗ್ಗೆ ತೊಟ್ಟಿಯನ್ನು ತಂದು, ಮಧ್ಯಾಹ್ನ ನೀರು ತುಂಬಿ, ಸಂಜೆಯೊಳಗಾಗಿ ಮೀನನ್ನು ಬಿಟ್ಟುಬಿಡುವರು. ಕೆಲವು ದಿನಗಳಲ್ಲಿ ಮೀನು ಸತ್ತರೆ ಮಾರಿದವನನ್ನು ದೂರುವರು. ದೋಷವು ಬಹುಮಟ್ಟಿಗೆ ಹದಗೊಳ್ಳದ ನೀರಿನದೇ ಆಗಿರುತ್ತದೆ. ಅಪೂರ್ವ ಜಾತಿಯ ಮೀಸೆಮೀನುಗಳನ್ನು ಮೊದಲ ಬಾರಿಗೆ ಸಾಕಬೇಕೆನ್ನುವವರು ಇದನ್ನು ಮುಂಚಿತವಾಗಿಯೇ ತಿಳಿದಿರತಕ್ಕದ್ದು.

ಮೀಸೆಮೀನಿನ ವರ್ಗವು ಕರಾವಳಿಯವರಿಗೆ ಹೊಸದಲ್ಲ. ಗದ್ದೆ, ತೋಡು, ಮದಗಗಳಲ್ಲಿ ದೊರೆಯುವ ಮುಗುಡು ಈ ವರ್ಗದ್ದೇ. ಅದರಲ್ಲಿ ಪಶ್ಚಿಮ ಘಟ್ಟದ ಸೀಮೆಗೇ ಮೀಸಲಾದ ಜಾತಿಯೊಂದನ್ನು 1840ರಲ್ಲಿಯೇ ಶಾಸ್ತ್ರಜ್ಞರು ಗುರುತಿಸಿ ಕ್ಲೇರಿಯಸ್ ಡಸ್ಸುಮಿಯೆರಿ ಎಂದು ಹೆಸರಿಟ್ಟರು. ಕೇರಳದವರು ಮಂಜಕೂರಿಯೆನ್ನುವ ಇನ್ನೊಂದು ಮೀನು, ಹಳದಿ ಮೈಯೂ ಹೆಗಲ ಮೇಲೆ ದೊಡ್ಡ ಕಪ್ಪು ಬೊಟ್ಟೂ ಉಳ್ಳದ್ದು, ಘಟ್ಟದಿಂದ ಪಡುವಣಕ್ಕೆ ಹರಿಯುವ ಹೊಳೆಗಳಲ್ಲಿ ವಾಸಿಸುತ್ತದೆ. ಇದನ್ನು ಅಪಾಯಕ್ಕೀಡಾದ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಲಾಗಿದೆ. ಇಷ್ಟು ಚೆಲುವಾದ ಮೀನುಗಳು ಸ್ವದೇಶದಲ್ಲಿಯೇ ಇರುವಾಗ ದೂರದೇಶದವುಗಳಿಗಾಗಿ ಹಣ ಚೆಲ್ಲುವುದು ವಿವೇಕವೆನಿಸದು. ಆದರೆ ವಿರಳವಾದುವನ್ನು ಹೊಳೆಯಿಂದ ಹಿಡಿದು ತರಿಸದೆ, ಸಾಕಣೆಯಲ್ಲಿಯೇ ಮರಿಮಾಡಿಸಿದುವನ್ನು ಮಾತ್ರ ಕೊಳ್ಳಬೇಕು.

ಇನ್ನು ನೀರಿನ ವಿಚಾರ. ಮೀನಿನ ಮಲದಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ಅಮೋನಿಯವೆಂಬ ವಿಷವು ಹುಟ್ಟುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ನೈಟ್ರೈಟನ್ನು ಅಷ್ಟು ಕೆಡುಕಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ತೋಟದ ಮಣ್ಣಿಗೆ ಹಾಕಿದ ಅಮೋನಿಯಂ ಸಲ್ಫೇಟ್ ಗೊಬ್ಬರದಲ್ಲಿ ನಡೆಯುವ ಕಾರ್ಯವೂ ಇದೇ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಗೊಳ್ಳಲು ಸಾಧಾರಣವಾಗಿ 4ರಿಂದ 6 ವಾರಗಳು ಬೇಕು. ಅಷ್ಟು ಕಾಲ ಮೀನಿಲ್ಲದೆ ಶೋಧಕಯಂತ್ರವನ್ನು ನಡೆಯಿಸುತ್ತ, ದಿನವೂ ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತಿರಬೇಕು. ಪರೀಕ್ಷಿಸಿದಾಗ ಅಮೋನಿಯವೂ ನೈಟ್ರೈಟೂ ಕಾಣದಾದ ಬಳಿಕವೇ ಮೀನನ್ನು ತರತಕ್ಕದ್ದು.

ಹೆಜಮಾಡಿಯಂತಹ ಗ್ರಾಮದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ಒಂದು ಕಡೆ ಸಮುದ್ರವೂ ಇನ್ನೊಂದು ಕಡೆ ಶಾಂಭವಿ ಹೊಳೆಯೂ ಇರುವ ಇಂತಹ ನೆಲದಲ್ಲಿ ಮಳೆಗಾಲದಲ್ಲಿ ಸಿಹಿಯಾಗಿದ್ದ ಬಾವಿಯ ನೀರು ಬೇಸಗೆಯಲ್ಲಿ ಉಪ್ಪಾಗುವ ಸಂಭವವುಂಟು. ಮೇಲೆ ಹೇಳಿದ ಎರಡು ಮೀನುಗಳ ಮೈಯಲ್ಲಿಯೂ ಪೊರೆಯಿಲ್ಲವಾದುದರಿಂದ ಉಪ್ಪಿನ ಮತ್ತು ಔಷಧಗಳ ಬಾಧೆ ಅವಕ್ಕೆ ಬೇಗನೆ ತಟ್ಟುತ್ತದೆ. ಆದುದರಿಂದ ಏಪ್ರಿಲ್, ಮೇ ತಿಂಗಳ ನೀರನ್ನು ಪರೀಕ್ಷಿಸಿ ನೋಡಿದ ಮೇಲೆಯೇ ನಿಶ್ಚಯಿಸಬೇಕು. ಕಡಲ ದಂಡೆಯ ಮರಳೂ ತಕ್ಕುದಲ್ಲ. ಅದರಲ್ಲಿ ಉಪ್ಪೂ ಚಿಪ್ಪಿನ ಸುಣ್ಣವೂ ಇರುತ್ತವೆ. ಸಿಹಿನೀರಿನ ನುಣುಪು ಮರಳನ್ನು ತೊಳೆದು ಹಾಸಬೇಕು. ಮುರಕಲ್ಲಿನ ಹರಿತವಾದ ಚೂರುಗಳಿಂದ ಮೀಸೆಗಳು ಸವೆದು ಹುಣ್ಣಾಗುವುವು.

ಮಂಜಕೂರಿಯು ಒಂದೂವರೆ ಅಡಿಯವರೆಗೆ ಬೆಳೆಯುವುದರಿಂದ ಸಣ್ಣ ತೊಟ್ಟಿ ಸಾಲದು. ರಾತ್ರಿ ಸಂಚರಿಸುವ ಸ್ವಭಾವದ ಈ ಮೀನಿಗೆ ಹಗಲಿನಲ್ಲಿ ಅಡಗಲು ಮಡಕೆಯೋ ಮರದ ಬೇರೋ ಬೇಕು. ಬಾಯಿಗೆ ಹಿಡಿಯುವಷ್ಟು ಸಣ್ಣ ಮೀನುಗಳನ್ನು ಅದರ ಜೊತೆಗೆ ಬಿಡಲಾಗದು. ಮುಗುಡು ನೀರಿನ ಮೇಲೆ ಬಂದು ಗಾಳಿಯನ್ನು ನುಂಗುವುದರಿಂದ ಮೇಲೆ ಎಡೆ ಬಿಡಬೇಕು. ಒದ್ದೆ ನೆಲದ ಮೇಲೆ ತೆವಳಿಹೋಗಬಲ್ಲುದರಿಂದ ಭದ್ರವಾದ ಮುಚ್ಚಳವೂ ಬೇಕು. ಸಿಡಿಲು ಮಳೆಯ ರಾತ್ರಿಗಳಲ್ಲಿ ವಿದ್ಯುತ್ತು ನಿಂತುಹೋಗುವುದು ಗ್ರಾಮಗಳಲ್ಲಿ ಸಾಮಾನ್ಯವಾಗಿರುವುದರಿಂದ ಬ್ಯಾಟರಿಯಿಂದ ನಡೆಯುವ ಗಾಳಿಯಂತ್ರವನ್ನು ಸಿದ್ಧವಾಗಿರಿಸಿಕೊಳ್ಳುವುದು ಮೇಲು.

ಇಷ್ಟೆಲ್ಲ ಸಿದ್ಧತೆ ನಡೆದರೂ, ಮೀನು ತೊಟ್ಟಿಯನ್ನು ಮೀರಿ ಬೆಳೆದಾಗ ಏನು ಮಾಡಬೇಕೆಂಬುದನ್ನು ಆಲೋಚಿಸುವವರು ವಿರಳ. ಕೊಲ್ಲಲು ಮನಸ್ಸೊಪ್ಪದೆ ಕೆರೆಗೋ ಹೊಳೆಗೋ ಬಿಟ್ಟುಬಿಡುವವರು ಅದನ್ನು ದಯೆಯೆಂದು ಭಾವಿಸುವರು. ತೊಟ್ಟಿಯ ಪಾಚಿಯನ್ನು ತಿನ್ನಲೆಂದು ಮಾರಲಾಗುವ ದಕ್ಷಿಣ ಅಮೆರಿಕದ ಹೀರುಬಾಯಿ ಮೀಸೆಮೀನು ಹೀಗೆಯೇ ಭಾರತದ ಅನೇಕ ಜಲಾಶಯಗಳನ್ನು ಸೇರಿತು. ಅದು ದಂಡೆಯಲ್ಲಿ ಬಿಲ ತೋಡಿ, ಬಲೆಗಳನ್ನು ಹರಿದು, ಸ್ಥಳೀಯ ಮೀನುಗಳ ಮೇವನ್ನು ಕಸಿಯುತ್ತದೆ. ಒಂದು ಮೀಟರಿಗಿಂತಲೂ ಉದ್ದ ಬೆಳೆಯುವ, ಸ್ಥಳೀಯ ಮೀನುಗಳನ್ನು ಕಬಳಿಸುವ ಆಫ್ರಿಕದ ಮುಗುಡಿನ ಸಾಕಣೆಯನ್ನು ಕೇಂದ್ರ ಸರ್ಕಾರವು 2000ದಲ್ಲಿ ನಿಷೇಧಿಸಿದ್ದರೂ ಅದು ಕಳ್ಳತನದಿಂದ ನಡೆದೇ ಬಂದಿದೆ. ಮಳೆಗಾಲದಲ್ಲಿ ಬಯಲು, ತೋಡು, ಹೊಳೆಗಳ ನೀರು ಒಂದಾಗುವ ಊರಿನಲ್ಲಿ ಹಿತ್ತಿಲ ಹೊಂಡಕ್ಕೆ ಬಿಟ್ಟ ಮೀನು ಹೊಳೆಗೆ ಬಿಟ್ಟಂತೆಯೇ ಸರಿ. ಒಂದು ಮೀನಿನ ಮೇಲೆ ತೋರಿದ ದಯೆಯು ಇಡೀ ಹೊಳೆಗೆ ಕೇಡಾಗುವುದು. ಬೇಡವಾದ ಮೀನನ್ನು ಮಾರಿದವನಿಗೆ ಹಿಂದಿರುಗಿಸಬೇಕು, ಇಲ್ಲವೇ ಸಾಕಬಲ್ಲವರಿಗೆ ಒಪ್ಪಿಸಬೇಕು. ಈ ಏರ್ಪಾಡು ಕೊಳ್ಳುವ ಮುನ್ನವೇ ಆಗಿರತಕ್ಕದ್ದು.

ಈ ಕಾರ್ಯದಲ್ಲಿ ಗ್ರಾಮದ ಮುಖಂಡರ ಮಾತಿಗೆ ಬೆಲೆಯಿದೆ. ಊರಿನ ಕೆರೆ ಮದಗಗಳಿಗೆ ಪರಸ್ಥಳದ ಮೀನನ್ನು ಬಿಡಬಾರದೆಂಬ ಕಟ್ಟುಪಾಡನ್ನು ಗ್ರಾಮಸಭೆಯಲ್ಲಿ ಗೊತ್ತುಮಾಡಬಹುದು. ಮೊದಲ ಮಳೆಗೆ ಮೊಟ್ಟೆಯಿಡಲು ಗದ್ದೆಗೆ ಏರಿಬರುವ ಮೀನುಗಳನ್ನು ತೋಡಿಗೆ ಅಡ್ಡಲಾಗಿ ಬಲೆಯೊಡ್ಡಿ ಬಾಚಿಕೊಳ್ಳದಂತೆ ಜಮೀನುದಾರರು ತಮ್ಮ ತಮ್ಮ ಬಯಲುಗಳಲ್ಲಾದರೂ ತಡೆಯಬಹುದು. ತೊಟ್ಟಿಯಲ್ಲಿ ಒಂದು ಮುಗುಡನ್ನು ಪ್ರೀತಿಯಿಂದ ಸಾಕುವ ಗೃಹಸ್ಥನು ತನ್ನ ಗದ್ದೆಯ ತೋಡಿನಲ್ಲಿ ಅದರ ಸಂತತಿಯನ್ನು ಉಳಿಸಿಕೊಂಡರೆ ಆ ಹವ್ಯಾಸದಿಂದ ಊರಿಗೂ ಲಾಭವಾಗುವುದು.