ಮನಸ್ಸಿನ ಗುಟ್ಟು ಕಾಯುವವರು ಯಾರು?



ಕಳೆದ ಸಂಚಿಕೆಯ ಮಿಡಿ ಉಪ್ಪಿನಕಾಯಿ ಬಗ್ಗೆ ನೀವು ಬರೆದ ಕಾಗದಗಳೆಲ್ಲ ಕೈಸೇರಿವೆ. ಮಿಡಿ ಎಷ್ಟು ದಿನ ಉಪ್ಪಿನಲ್ಲಿರಬೇಕು ಎಂದು ಕೇಳಿದವರಿಗೆ ಮುಂದಿನ ಸಲ ಉತ್ತರ ಕೊಡುತ್ತೇನೆ. ಈ ಸಲ ಅಡುಗೆಮನೆ ಬಿಟ್ಟು ಬೇರೊಂದು ಮಾತು ಆಡಬೇಕಾಗಿದೆ. ಬರೆಯಲೋ ಬೇಡವೋ ಅಂತ ಮೂರು ಸಂಚಿಕೆ ತಳ್ಳಿದೆ. ಯಾಕೆಂದರೆ ಇದರಲ್ಲಿ ನನ್ನ ತಪ್ಪೂ ಇದೆ.

ನನ್ನ ಮಗಳಿಗೆ ಹತ್ತೊಂಬತ್ತು ವರ್ಷ, ಡಿಗ್ರಿ ಓದುತ್ತಿದ್ದಾಳೆ. ಹೋದ ವರ್ಷ ಇದ್ದಕ್ಕಿದ್ದಂತೆ ಮಂಕಾದಳು. ರಾತ್ರಿಯೆಲ್ಲ ಎಚ್ಚರ, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದಿಲ್ಲ. ತಟ್ಟೆಯಲ್ಲಿ ಅನ್ನ ಕಲಸಿಕೊಂಡು ಹಾಗೇ ಕೂತಿರುವಳು. ಕೇಳಿದರೆ "ಏನಿಲ್ಲಮ್ಮ". ದೃಷ್ಟಿ ತೆಗೆದದ್ದಾಯಿತು, ದೇವರಿಗೆ ಹರಕೆ ಹೊತ್ತದ್ದಾಯಿತು. ಕೊನೆಗೆ ನಮ್ಮ ಅತ್ತಿಗೆ ತಮಗೆ ಗೊತ್ತಿದ್ದ ಒಬ್ಬ ಕೌನ್ಸೆಲರ್ ಹತ್ತಿರ ಕಳಿಸಿ ಅಂದರು. ಹೋದೆವು. ಬಾಗಿಲ ಮೇಲೆ ದೊಡ್ಡ ಬೋರ್ಡು, ಮನೋತಜ್ಞರು, ಆಪ್ತ ಸಲಹೆಗಾರರು ಅಂತ. ಒಳಗೆ ಗೋಡೆ ತುಂಬ ಸನ್ಮಾನದ ಫೋಟೋಗಳು. ಇನ್ನೇನು ಬೇಕು ಅಂದುಕೊಂಡೆ.

ಮಗಳು ವಾರಕ್ಕೊಂದು ಸಲ ಒಳಗೆ ಹೋಗಿ ಮಾತಾಡಿ ಬರುತ್ತಿದ್ದಳು. ಐದನೇ ವಾರದ ಹೊತ್ತಿಗೆ ಒಂದು ದಿನ ತಾನಾಗಿಯೇ ಬಂದು ಎರಡು ದೋಸೆ ಹಾಕಿಸಿಕೊಂಡು ತಿಂದಳು. ನನಗೆ ಆದ ಸಂತೋಷ ಹೇಳತೀರದು. ಆದರೆ ಹೆತ್ತ ಕರುಳು ನೋಡಿ, ಸಂತೋಷದ ಹಿಂದೆಯೇ ಕುತೂಹಲ. ನನಗೆ ಹೇಳದ್ದನ್ನು ಅಲ್ಲಿ ಏನು ಹೇಳುತ್ತಾಳೆ? ಒಂದು ದಿನ ಅವಳಿಗೆ ತಿಳಿಸದೆ, ಕೋಡುಬಳೆ ಪೊಟ್ಟಣ ಕಟ್ಟಿಕೊಂಡು ಆ ಮಹಾಶಯರ ಹತ್ತಿರ ಹೋಗಿ ಕೇಳಿದೆ. ಅವರು ಹಿಂದೆಮುಂದೆ ನೋಡಲಿಲ್ಲ. ಕಾಫಿ ಕುಡಿಯುತ್ತಾ ಕುಡಿಯುತ್ತಾ ಎಲ್ಲವನ್ನೂ ಹೇಳಿಬಿಟ್ಟರು. ನಿಜ ಹೇಳುತ್ತೇನೆ, ಆಗ ಅವರು ನನಗೆ ಬಹಳ ಒಳ್ಳೆಯವರಾಗಿ ಕಂಡರು.

ಗೌರಿ ಹಬ್ಬದ ದಿನ ಮನೆ ತುಂಬ ಜನ. ಬಾಗಿನ ಕೊಡುವ ಹೊತ್ತಿನಲ್ಲಿ ಅತ್ತಿಗೆ ಮಗಳ ಗಲ್ಲ ಹಿಡಿದು, "ಅದನ್ನೆಲ್ಲ ಮರೆತುಬಿಡು ಪುಟ್ಟಿ, ಹುಡುಗರು ಹಾಗೇ" ಎಂದುಬಿಟ್ಟರು. ನಾನು ಅತ್ತಿಗೆಗೆ ಒಂದಕ್ಷರ ಹೇಳಿರಲಿಲ್ಲ. ಅಲ್ಲಿಂದಲೇ ಬಂದಿತ್ತು ಸುದ್ದಿ. ಮಗಳು ಅವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನ್ನ ಮುಖವೇ ಎಲ್ಲ ಹೇಳಿತು. ರಾತ್ರಿ ಒಂದೇ ಮಾತು ಅಂದಳು: "ಅಮ್ಮ, ನಾನು ಅದನ್ನ ಹೇಳಿದ್ದು ನಿಮಗ್ಯಾರಿಗೂ ಅಲ್ಲ." ಮತ್ತೆ ಅಲ್ಲಿಗೆ ಹೋಗಲಿಲ್ಲ. ಬೇರೆ ಯಾರ ಹತ್ತಿರವೂ ಹೋಗುವುದಿಲ್ಲ ಅಂತ ಪಟ್ಟು ಹಿಡಿದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಪೈರು ಯಾರನ್ನು ನಂಬಬೇಕು ಹೇಳಿ?

ಕೋಪ ತಡೆಯಲಾರದೆ ಆ ಮಹಾಶಯರಿಗೆ ಫೋನ್ ಮಾಡಿದೆ. "ತಾಯಿಗೆ ಹೇಳೋದು ತಪ್ಪೇನಮ್ಮಾ? ನೀವೇ ತಾನೆ ಕೇಳಿದ್ದು?" ಅಂದರು. ನನ್ನ ಬಾಯಿ ಕಟ್ಟಿತು.

ನನ್ನ ಅಕ್ಕನ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಬಾಣಂತನದ ನಂತರ ಮನಸ್ಸು ಸರಿಯಿಲ್ಲದೆ ಅಲ್ಲಿ ಒಬ್ಬ ಸೈಕಾಲಜಿಸ್ಟ್ ಬಳಿ ಹೋಗುತ್ತಿದ್ದಳು. ಅವಳ ಹತ್ತಿರ ಅಳಲು ತೋಡಿಕೊಂಡರೆ ಮೊದಲ ಪ್ರಶ್ನೆಯೇ, "ಅವರ ರಿಜಿಸ್ಟ್ರೇಷನ್ ನಂಬರ್ ಎಷ್ಟು ಚಿಕ್ಕಮ್ಮ?" ಯಾವ ನಂಬರ್ರು? ಅಡುಗೆ ಗ್ಯಾಸಿನ ಸಿಲಿಂಡರ್ ಮೇಲಿನ ತಾರೀಕು ನೋಡಿ ತೆಗೆದುಕೊಳ್ಳುವ ನಾನು, ಮಗಳ ಮನಸ್ಸನ್ನು ಒಪ್ಪಿಸುವಾಗ ಏನೂ ಕೇಳಿರಲಿಲ್ಲ.

ಅವಳು ಹೇಳಿದ್ದು ಕೇಳಿ. ಅಮೆರಿಕದಲ್ಲಿ ಸೈಕಾಲಜಿಸ್ಟರಿಗೆ ಮೊದಲು ಕಾಯಿದೆ ಮಾಡಿದ್ದು ಕನೆಕ್ಟಿಕಟ್ ರಾಜ್ಯ, 1945ರಲ್ಲಿ. ಈಗ ಎಲ್ಲ ರಾಜ್ಯಗಳಲ್ಲೂ ಲೈಸೆನ್ಸ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೊಂದು ಮಂಡಲಿ ಇದೆ. ಒಂಬತ್ತು ಸದಸ್ಯರು, ಐವರು ಸೈಕಾಲಜಿಸ್ಟರು, ಉಳಿದ ನಾಲ್ವರು ನಮ್ಮ ನಿಮ್ಮಂಥ ಸಾರ್ವಜನಿಕರು. ದೂರನ್ನು ಈ ಮಂಡಲಿಗೆ ಕೊಡಬಹುದು ಅನ್ನುವ ಸೂಚನೆಯನ್ನು ಸೈಕಾಲಜಿಸ್ಟರು ತಮ್ಮ ಕಚೇರಿಯಲ್ಲೇ ಕಣ್ಣಿಗೆ ಕಾಣುವಂತೆ ಹಾಕಬೇಕಂತೆ. ತನ್ನ ಮೇಲೆ ದೂರು ಎಲ್ಲಿ ಕೊಡಬೇಕು ಅಂತ ತಾನೇ ಬರೆದು ಹಾಕುವುದು!

ದೂರು ಬಂದರೆ ಮೊದಲು ತನಿಖೆ. ಹುರುಳಿದೆ ಎಂದು ಕಂಡರೆ ಸರ್ಕಾರಿ ವಕೀಲರು ಆರೋಪಪಟ್ಟಿ ಹಾಕುತ್ತಾರೆ. ನ್ಯಾಯಾಧೀಶರ ಮುಂದೆ ಎರಡೂ ಕಡೆಯವರ ವಿಚಾರಣೆ ನಡೆಯುತ್ತದೆ, ಆಮೇಲೆ ಮಂಡಲಿಯ ತೀರ್ಮಾನ. ತಪ್ಪು ಸಣ್ಣದಾದರೆ ಬೇರೊಬ್ಬರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು. ದೊಡ್ಡದಾದರೆ ಲೈಸೆನ್ಸ್ ಅಮಾನತು, ಇಲ್ಲವೇ ರದ್ದು. ಚಿಕಿತ್ಸೆಗೆ ಬಂದವರ ಜೊತೆ ದೈಹಿಕ ಸಂಬಂಧ ಬೆಳೆಸಿದ್ದು ರುಜುವಾತಾದರೆ ಆದೇಶದಲ್ಲಿ ಲೈಸೆನ್ಸ್ ರದ್ದು ಇರಲೇಬೇಕು. ಚಿಕಿತ್ಸೆ ಮುಗಿದು ಎರಡು ವರ್ಷದೊಳಗೆ ಅಂಥ ಸಂಬಂಧ ಇಟ್ಟುಕೊಂಡರೂ ಅಪರಾಧವೇ. ಅವಳು ಒಪ್ಪಿದ್ದಳು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಮನಸ್ಸು ಮುರಿದು ಬಂದವಳ ಒಪ್ಪಿಗೆ ಎಂಥ ಒಪ್ಪಿಗೆ?

ಇನ್ನೊಂದು ವಿಚಾರ ನನ್ನ ಮನಸ್ಸಿಗೆ ನಾಟಿತು. ಹೀಗೆ ಮೋಸಹೋದ ಹೆಣ್ಣು ಮುಂದೆ ಬೇರೊಬ್ಬ ಸೈಕಾಲಜಿಸ್ಟ್ ಬಳಿ ಬಂದು ಹೇಳಿಕೊಂಡರೆ, ಅವರು ಸರ್ಕಾರ ಅಚ್ಚು ಹಾಕಿಸಿದ ಒಂದು ಪುಸ್ತಿಕೆಯನ್ನು ಅವಳ ಕೈಗೆ ಕೊಟ್ಟು ವಿವರಿಸಬೇಕು. ಚಿಕಿತ್ಸೆಯಲ್ಲಿ ಅಂಥದಕ್ಕೆ ಎಂದಿಗೂ ಎಡೆಯಿಲ್ಲ, ನಡೆದದ್ದು ನಿನ್ನ ತಪ್ಪಲ್ಲ, ದೂರಿಗೆ ಇಂಥಿಂಥ ದಾರಿಗಳಿವೆ ಎಂದು ಅದರಲ್ಲಿದೆ. ಪುಸ್ತಿಕೆ ಕೊಡದಿದ್ದರೆ ಅದೇ ಒಂದು ವೃತ್ತಿ ದುರ್ನಡತೆ. ಆದರೆ ದೂರು ಕೊಡುವುದೂ ಬಿಡುವುದೂ ಅವಳ ಇಷ್ಟ.

ಸರಿ, ಅದು ಅಮೆರಿಕ. ನಮ್ಮಲ್ಲಿ ಏನಿದೆ? ಏನೂ ಇಲ್ಲ ಅಂದುಕೊಂಡಿದ್ದೆ. ಮಗನ ಸಹಾಯದಿಂದ ಹುಡುಕಿದಾಗ ಇದೆ ಅಂತ ಗೊತ್ತಾಯಿತು.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಸೈಕಿಯಾಟ್ರಿಸ್ಟ್ ಅಂದರೆ ಮನೋವೈದ್ಯರು, ಎಂ.ಬಿ.ಬಿ.ಎಸ್. ಮಾಡಿದ ಡಾಕ್ಟರು, ಮಾತ್ರೆ ಬರೆದುಕೊಡುತ್ತಾರೆ. ಅವರ ಮೇಲಿನ ದೂರು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಮನಶ್ಶಾಸ್ತ್ರ ಓದಿ ಚಿಕಿತ್ಸೆಯ ತರಬೇತಿ ಪಡೆದವರು. ಇವರು 1992ರ ಕಾಯಿದೆಯ ಪ್ರಕಾರ ದೆಹಲಿಯ ಭಾರತೀಯ ಪುನರ್ವಸತಿ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರು ಬರೆಸಿರಬೇಕು. ನೋಂದಣಿ ಇಲ್ಲದೆ ಆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನೋಂದಣಿ ಆದವರು ವೃತ್ತಿಗೆ ಕಳಂಕ ತರುವ ಕೆಲಸ ಮಾಡಿದರೆ, ಅವರ ಅಹವಾಲು ಕೇಳಿ, ವಿಚಾರಿಸಿ, ಹೆಸರನ್ನು ರಿಜಿಸ್ಟರಿನಿಂದ ಹೊಡೆದುಹಾಕುವ ಅಧಿಕಾರ ಪರಿಷತ್ತಿಗಿದೆ. ಇಷ್ಟು ವರ್ಷ ಅಂತಲೂ ಆಗಬಹುದು, ಶಾಶ್ವತವಾಗಿಯೂ ಆಗಬಹುದು. ಅವರು ಕೇಂದ್ರ ಸರ್ಕಾರಕ್ಕೆ ಮೇಲ್ಮನವಿ ಹಾಕಬಹುದು. ಕೇಳದೆ ಶಿಕ್ಷಿಸುವಂತಿಲ್ಲ, ಅದೂ ನ್ಯಾಯವೇ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಚಿಕಿತ್ಸೆ ಪಡೆಯುವವರ ಗುಟ್ಟು ಕಾಯುವುದನ್ನು ಅವರ ಹಕ್ಕು ಅಂದಿದೆ. ಪ್ರಾಣಕ್ಕೆ ಅಪಾಯ, ಬೇರೆಯವರಿಗೆ ಹಾನಿ, ಕೋರ್ಟಿನ ಆದೇಶ, ಇಂಥ ಕೆಲವು ಸಂದರ್ಭ ಬಿಟ್ಟು ಹೇಳುವಂತಿಲ್ಲ. ತಾಯಿ ಕೋಡುಬಳೆ ತಂದಳು ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಮಾನಸಿಕ ಚಿಕಿತ್ಸಾ ಸಂಸ್ಥೆಯಲ್ಲಿ ಲೋಪವಾದರೆ ಮೊದಲು ಅಲ್ಲಿನ ಮುಖ್ಯಸ್ಥರಿಗೆ, ಆಮೇಲೆ ಪುನರ್ವಿಮರ್ಶಾ ಮಂಡಳಿಗೆ, ಅಲ್ಲೂ ಸಮಾಧಾನವಾಗದಿದ್ದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಹಣ ಕೊಟ್ಟು ಪಡೆದ ಸೇವೆಯಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು.

ಇಷ್ಟೆಲ್ಲ ತಿಳಿದು ನಾನು ರಿಜಿಸ್ಟರಿನಲ್ಲಿ ಆ ಮಹಾಶಯರ ಹೆಸರು ಹುಡುಕಿಸಿದೆ. ಇರಲಿಲ್ಲ. ಬೋರ್ಡಿನಲ್ಲೂ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನುವ ಪದ ಇರಲಿಲ್ಲ, ಬರೀ ತಜ್ಞರು, ಸಲಹೆಗಾರರು. ಬರೆದೇ ಇಲ್ಲದ ಹೆಸರನ್ನು ಹೊಡೆದುಹಾಕುವುದು ಹೇಗೆ? ಬೇರೆ ಸೈಕಾಲಜಿಸ್ಟರನ್ನೂ ಕೌನ್ಸೆಲರುಗಳನ್ನೂ ಶಿಸ್ತಿಗೆ ತರಲು 2021ರಲ್ಲಿ ಇನ್ನೊಂದು ಕೇಂದ್ರ ಕಾಯಿದೆ ಬಂದಿದೆ, ರಾಜ್ಯಕ್ಕೊಂದು ಕೌನ್ಸಿಲ್ ಇರಬೇಕು ಅಂತ ಅದರಲ್ಲಿದೆ. ಪ್ರತಿ ಊರಿನ ಪ್ರತಿ ಬೋರ್ಡಿಗೂ ಅದರ ಬಿಸಿ ಮುಟ್ಟಲಿ ಅಂತ ನನ್ನ ಆಸೆ.

ಗ್ರಾಹಕರ ಆಯೋಗಕ್ಕಾದರೂ ಹೋಗೋಣ ಅಂತ ಹೊರಟೆ. ಮಗಳು ತಡೆದಳು. "ನನ್ನ ವಿಷಯ ಇನ್ನೂ ನಾಲ್ಕು ಜನರ ಮುಂದೆ ಓದಿಸಬೇಕಾ? ಕೊಡೋದಾದರೆ ನಾನು ಕೊಡ್ತೀನಿ. ನೀನಲ್ಲ." ಆಗ ಅಮೆರಿಕದ ಆ ಪುಸ್ತಿಕೆ ನೆನಪಾಯಿತು. ಸುಮ್ಮನಾದೆ. ಅವಳಿನ್ನೂ ಯೋಚಿಸುತ್ತಿದ್ದಾಳೆ. ಕಾಗದಪತ್ರ, ಫೀಸಿನ ರಸೀತಿ ಎಲ್ಲ ಒಂದು ಫೈಲಿನಲ್ಲಿ ಕಟ್ಟಿ ಅವಳ ಕೈಗೇ ಕೊಟ್ಟಿದ್ದೇನೆ. ಅವಳಲ್ಲಿ ಕ್ಷಮೆಯನ್ನೂ ಕೇಳಿದೆ. ನಮ್ಮ ಕಾಲದಲ್ಲಿ ತಾಯಂದಿರು ಮಕ್ಕಳ ಕ್ಷಮೆ ಕೇಳುತ್ತಿರಲಿಲ್ಲ. ಆದರೆ ಕೇಳಿದ ಮೇಲೆ ಹಗುರವಾಯಿತು.

ಈಗ ನಾಲ್ಕು ತಿಂಗಳಿಂದ ನೋಂದಣಿ ಇರುವ ಒಬ್ಬ ಮಹಿಳೆಯ ಬಳಿ ಹೋಗುತ್ತಿದ್ದಾಳೆ. ಮೊದಲ ದಿನವೇ ನನ್ನ ಎದುರಿಗೇ ಕೇಳಿದಳು, "ನಮ್ಮಮ್ಮ ಬಂದು ಕೇಳಿದರೆ ಹೇಳ್ತೀರಾ?" ಆಕೆ, "ನಿನ್ನ ಜೀವಕ್ಕೆ ಅಪಾಯ ಅಂತ ಕಂಡರೆ ಹೇಳಬೇಕಾಗುತ್ತೆ, ಅದನ್ನೂ ಮೊದಲು ನಿನಗೆ ತಿಳಿಸಿ. ಬೇರೆ ಏನನ್ನೂ ಹೇಳಲ್ಲ" ಎಂದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಹೂಬತ್ತಿ ಹೊಸೆಯುತ್ತೇನೆ. ಬಾಗಿಲಿಗೆ ಕಿವಿ ಕೊಡುವುದಿಲ್ಲ.

ಸೋದರಿಯರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಮನಸ್ಸಿಗೆ ಬೇನೆ ಬಂದರೆ ಚಿಕಿತ್ಸೆ ಕೊಡಿಸಲು ಹಿಂಜರಿಯಬೇಡಿ. ನೋಂದಣಿ ಸಂಖ್ಯೆ ಕೇಳಿ ಬರೆದುಕೊಂಡು, ರಿಜಿಸ್ಟರಿನಲ್ಲಿದೆಯೇ ಅಂತ ಮಕ್ಕಳಿಂದ ನೋಡಿಸಿ. ಪ್ರತಿ ಸಲವೂ ರಸೀತಿ ಇಟ್ಟುಕೊಳ್ಳಿ. ರಾತ್ರಿ ಹೊತ್ತು ಫೋನು, ಹೊರಗೆ ಭೇಟಿ, ಸಾಲ, ಕಾಣಿಕೆ, ಮೈಮುಟ್ಟಿ ಸಮಾಧಾನ, ಇವು ಶುರುವಾದರೆ ಅಲ್ಲಿಂದ ಎದ್ದು ಬನ್ನಿ. ನಡೆದದ್ದನ್ನು ತಾರೀಕಿನೊಂದಿಗೆ ಅಂದೇ ಬರೆದಿಡಿ. ತುರ್ತಿಗೆ ಸರ್ಕಾರದ ಟೆಲಿ-ಮಾನಸ್ ಇದೆ, 14416ಕ್ಕೆ ಹಗಲಿರುಳು ಕರೆ ಮಾಡಬಹುದು, ದುಡ್ಡಿಲ್ಲ. ಮತ್ತೆ, ಕೋಡುಬಳೆ ಕಟ್ಟಿಕೊಂಡು ಮಾತ್ರ ಹೋಗಬೇಡಿ.

ಇದನ್ನು ಅಚ್ಚಿಗೆ ಕಳಿಸುವ ಮೊದಲು ಮಗಳಿಗೆ ಓದಲು ಕೊಟ್ಟೆ. ಎರಡು ಸಾಲು ಹೊಡೆದುಹಾಕಿ, "ಈಗ ಕಳಿಸು" ಅಂದಳು. ಅವೆರಡು ಸಾಲು ಇಲ್ಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಮಿಡಿ ಉಪ್ಪಿನಕಾಯಿಯೊಂದಿಗೆ ಬರುತ್ತೇನೆ.